ಹಾನ್ಲೆ ಟೆಲಿಸ್ಕೋಪೂ ನಮ್ಮೂರ ಬೋರ್‌ವೆಲ್ ಮೋಟ್ರೂ

ನಾನು ಕೋಲಾರದ ಕಡೆ ಒಂದು ಹಳ್ಳಿ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಕ್ಲಾಸಿಗೆ ವಿಜ್ಞಾನಿಗಳನ್ನ ವಿಡಿಯೋ ಕಾಲಲ್ಲಿ ಕರೆಸೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಮೊದಲನೇದು ಪೂರ್ತಿ ತೋಪು. ಬಂದೋರು ಪಾಪ ತುಂಬಾ ತಯಾರಿ ಮಾಡ್ಕೊಂಡಿದ್ರು, ಮುಕ್ಕಾಲು ಗಂಟೆ ಇಂಗ್ಲಿಷ್ ಪಿಪಿಟಿ, ನಮ್ಮ ಹುಡುಗ್ರು ಕೈಕಟ್ಕೊಂಡು ಕೂತಿದ್ರು, ಕೊನೆಗೆ ನಾನೇ ಬರೆದುಕೊಟ್ಟಿದ್ದ ಪ್ರಶ್ನೆನ ಫಸ್ಟ್ ಬರೋ ಹುಡುಗಿ ಓದಿದ್ಲು, ಎಲ್ರೂ ಚಪ್ಪಾಳೆ ತಟ್ಟಿದ್ರು, ಅಷ್ಟೇ. ತಪ್ಪು ಅವರದ್ದಲ್ಲ, ಏನು ಬೇಕು ಅಂತ ನಾನು ಹೇಳೇ ಇರ್ಲಿಲ್ಲ.

ಎರಡನೇ ಸಲ ಸಿಕ್ಕಿದ್ದು ಲಡಾಖಿನ ಹಾನ್ಲೆ ಟೆಲಿಸ್ಕೋಪಲ್ಲಿ ಆಕಾಶ ನೋಡೋ ಒಬ್ರು ಮೇಡಂ. ಈ ಸಲ ಮೊದ್ಲೇ ಹೇಳ್ಬಿಟ್ಟೆ, ಪಿಪಿಟಿ ಬೇಡ ಮೇಡಂ, ಕನ್ನಡದಲ್ಲಿ ಮಾತಾಡಿ, ಮೊಬೈಲ್ ಹಿಡ್ಕೊಂಡು ನೀವು ಕೆಲಸ ಮಾಡೋ ರೂಮ್ ತೋರ್ಸಿ ಸಾಕು ಅಂತ. ಹುಡುಗ್ರಿಗೆ ಚೀಟಿ ಕೊಟ್ಟು ಹೆಸರಿಲ್ದೆ ಪ್ರಶ್ನೆ ಬರೀರಿ ಅಂದೆ, ಒಂದನ್ನೂ ತಿದ್ದಲಿಲ್ಲ.

ಹಾನ್ಲೆ ಇರೋದು ಸುಮಾರು 4500 ಮೀಟರ್ ಎತ್ತರದಲ್ಲಿ, ಮೋಡ ಕಮ್ಮಿ, ಗಾಳಿ ಒಣ, ಅದಕ್ಕೇ ಟೆಲಿಸ್ಕೋಪ್ ಅಲ್ಲಿಟ್ಟಿರೋದು, ಅದರೊಳಗೆ ಬೆಳಕು ಹಿಡಿಯೋ ಕನ್ನಡಿನೇ 2 ಮೀಟರ್ ಅಗಲ. ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿಗಿಂತ ಕೆಳಗೆ ಹೋಗತ್ತೆ ಅಂದಾಗ ಎಲ್ರೂ ಅಬ್ಬಾ ಅಂದ್ರು. ಆಮೇಲೆ ಮೇಡಂ ಮೊಬೈಲ್ ತಿರುಗಿಸಿ ತೋರಿಸಿದ್ರೆ ಫ್ಯಾನ್ ತಿರುಗ್ತಾ ಇದೆ! ಅವರು ಕೂತಿದ್ದಿದ್ದು ಇಲ್ಲೇ ಹೊಸಕೋಟೆ ಹತ್ರ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಲ್ಲಿ. ಅಲ್ಲಿಂದಾನೇ ಸ್ಯಾಟಲೈಟ್ ಮೂಲಕ ಲಡಾಖಿನ ಟೆಲಿಸ್ಕೋಪ್ ತಿರುಗಿಸ್ತಾರೆ.

ಹಿಂದಿನ ಬೆಂಚಿಂದ ಒಬ್ಬ, ಯಾವತ್ತೂ ಬಾಯಿ ಬಿಡದೋನು, ಎದ್ದು ಮೊಬೈಲ್ ಹತ್ರ ಬಂದ. "ಮೇಡಂ, ನಮ್ಮಪ್ಪ ಮನೇಲೇ ಕೂತು ಫೋನಲ್ಲಿ ತೋಟದ ಮೋಟ್ರು ಆನ್ ಮಾಡ್ತಾರೆ, ಹಂಗೇನಾ?" ಕ್ಲಾಸೆಲ್ಲ ನಕ್ತು, ಮೇಡಂ ನಗಲಿಲ್ಲ. "ಅದೇ ಕಣಪ್ಪ, ಹಂಗೇ" ಅಂದ್ರು. ಅವನು ಬಿಡಲಿಲ್ಲ, "ಮೋಟ್ರು ಕೆಟ್ರೆ ನಮ್ಮಪ್ಪ ತೋಟಕ್ಕೆ ಹೋಗ್ಲೇಬೇಕು, ನಿಮ್ದು ಕೆಟ್ರೆ?" ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯ್ತು, ಹಾನ್ಲೆಲೇ ಉಳ್ಕೊಂಡಿರೋ ಎಂಜಿನಿಯರ್‌ಗಳು, ಆ ಎತ್ತರದಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು, ಮೋಡ ಬಂದ ರಾತ್ರಿ ಸುಮ್ನೆ ಕಾಯೋದು. ಹೀಗೆ ಕಾಯೋದೂ ಕೆಲಸಾನೇ ಅಂತ ಯಾವ ಪಾಠದಲ್ಲಿದೆ ಹೇಳಿ.

ಮಧ್ಯದಲ್ಲಿ ಕರೆಂಟ್ ಹೋಯ್ತು, ಪ್ರೊಜೆಕ್ಟರ್ ಆಫ್. ಆದ್ರೆ ಕಾಲ್ ನನ್ನ ಮೊಬೈಲಲ್ಲಿತ್ತು, ಆಗಸ್ಟ್ 15ಕ್ಕೆ ತಂದಿದ್ದ ಚಾರ್ಜಿಂಗ್ ಸ್ಪೀಕರ್ ಇತ್ತು, ಮುಖ ಕಾಣ್ದಿದ್ರೂ ಮಾತು ನಿಲ್ಲಲಿಲ್ಲ. ಚಿತ್ರಕ್ಕಿಂತ ಧ್ವನಿ ಸರಿ ಇರ್ಬೇಕು, ಇದನ್ನ ಮಾತ್ರ ಹೊಸದಾಗಿ ಮಾಡೋರು ನೆನಪಿಟ್ಕೊಳ್ಳಿ. ಕೂತಲ್ಲಿಂದ ಕೂಗಿ ಕೇಳಿದ್ರೆ ಆ ಕಡೆ ಬರೀ ಗೋಜಲು ಕೇಳ್ಸತ್ತೆ, ಒಬ್ಬೊಬ್ರೇ ಮೊಬೈಲ್ ಹತ್ರ ಬಂದು ಕೇಳ್ಲಿ.

ಮಾರನೇ ದಿನ ಅದೇ ಹುಡುಗ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಿದ್ದ. "ಸಾರ್, ಹಾನ್ಲೆಗೆ ಬೇಡ, ಹೊಸಕೋಟೆಗಾದ್ರೂ ಕರ್ಕೊಂಡ್ ಹೋಗಿ, ಬಸ್ಸಲ್ಲೇ ಹೋಗ್ಬೋದಲ್ಲಾ." ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯೋರ ಹತ್ರ ಬಸ್ಸಿನ ದುಡ್ಡು ಕೇಳಿದೀನಿ.