ಹತ್ತು ಮೀಟರ್ ಉಬ್ಬರದ ಕಡಲಲ್ಲಿ ಏಳು ದಿನ: ಕಿಂಬರ್ಲಿ ಕರಾವಳಿಯ ದೋಣಿಯಾನಕ್ಕೆ ಸಿದ್ಧತೆ ಹೇಗೆ?

ಆಸ್ಟ್ರೇಲಿಯಾದ ಕಿಂಬರ್ಲಿ ಕರಾವಳಿಯಲ್ಲಿ ದೋಣಿ ಹತ್ತಲು ಹೊರಟವರು ಡೇರೆ, ಗಾಳಗಳಿಗಿಂತ ಮೊದಲು ಆ ವರ್ಷದ ಉಬ್ಬರವಿಳಿತದ ಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು. ಮಂಗಳೂರು, ಕಾರವಾರಗಳಲ್ಲಿ ಸಮುದ್ರ ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ಡರ್ಬಿ ಪಟ್ಟಣದ ಬಳಿ ಅದು 11 ಮೀಟರನ್ನೂ ದಾಟುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಕೆಸರು, ಕಾಂಡ್ಲಾ ಗಿಡಗಳ ಬೇರು ಮತ್ತು ಒಮ್ಮೊಮ್ಮೆ ಮೊಸಳೆ ಜಾರಿಹೋದ ಗುರುತು ಮಾತ್ರ ಇರುತ್ತವೆ. ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದಾದ, ಸುಮಾರು 4.2 ಲಕ್ಷ ಚದರ ಕಿಲೋಮೀಟರಿನ ಈ ಪ್ರದೇಶದ ಕಡಲಂಚಿನ ಬಹುಪಾಲಿಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮರೆತುಬಂದ ವಸ್ತುವನ್ನು ದಾರಿಯಲ್ಲಿ ಕೊಳ್ಳುವ ಆಸೆ ಇಟ್ಟುಕೊಳ್ಳಬಾರದು.

ಯಾವಾಗ, ಯಾರ ಜೊತೆ

ಇಲ್ಲಿ ಎರಡೇ ಋತು. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಸೆಕೆ ಮತ್ತು ಚಂಡಮಾರುತದ ಭಯ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಹವೆ. ತಿಮಿಂಗಿಲಗಳನ್ನು ನೋಡುವುದೇ ಮುಖ್ಯವೆನ್ನುವವರು ಹಂಪ್‌ಬ್ಯಾಕ್‌ಗಳು ಮರಿಹಾಕಲು ಕ್ಯಾಮ್ಡೆನ್ ಸೌಂಡ್‌ಗೆ ಬರುವ ಜುಲೈ–ಸೆಪ್ಟೆಂಬರ್ ಅವಧಿಯನ್ನು ಆರಿಸಿಕೊಳ್ಳಲಿ. ಮೀನಿಗಾಗಿ ಹೋಗುವುದಾದರೆ ನನ್ನ ಆಯ್ಕೆ ಮೇ ತಿಂಗಳು: ನೀರು ಇನ್ನೂ ಬೆಚ್ಚಗಿರುತ್ತದೆ, ಮಳೆಗಾಲದ ಕೊನೆಯ ಹರಿವು ತೊರೆಗಳಲ್ಲಿ ಉಳಿದಿರುತ್ತದೆ, ಜಲಪಾತಗಳೂ ಬತ್ತಿರುವುದಿಲ್ಲ.

ಬ್ರೂಮ್‌ನಿಂದ ವಿಂಡಮ್‌ವರೆಗಿನ ಪೂರ್ಣ ಯಾನಕ್ಕೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಏಳು ದಿನವಷ್ಟೇ ಇರುವವರು ಡರ್ಬಿಯಿಂದ ಹೊರಟು ಬುಕನೀರ್ ದ್ವೀಪಸಮೂಹ, ಟಾಲ್ಬಟ್ ಕೊಲ್ಲಿ, ಮಾಂಟ್ಗೋಮರಿ ಹವಳದ ದಿಬ್ಬ, ರಾಫ್ಟ್ ಪಾಯಿಂಟ್ ನೋಡಿ ಹಿಂತಿರುಗುವುದು ಒಳ್ಳೆಯದು. ಪರ್ತ್‌ನಿಂದ ಬ್ರೂಮ್‌ಗೆ ಎರಡೂವರೆ ಗಂಟೆಯ ವಿಮಾನ, ಅಲ್ಲಿಂದ ಡರ್ಬಿಗೆ ಸುಮಾರು 220 ಕಿಲೋಮೀಟರ್ ರಸ್ತೆ. ಸ್ವಂತವಾಗಿ ದೋಣಿ ಬಾಡಿಗೆ ಪಡೆದು ನಡೆಸುವ ಹುಮ್ಮಸ್ಸು ಯಾರಿಗಾದರೂ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು. ಈ ನೀರಿನ ಸುಳಿಗಳನ್ನು ವರ್ಷಗಟ್ಟಲೆ ಬಲ್ಲ, ಪರವಾನಗಿ ಪಡೆದ ನಾವಿಕನ ಜೊತೆಗಷ್ಟೇ ಹೋಗಬೇಕು. ಮುಂಗಡ ಕೊಡುವ ಮೊದಲು ದೊಡ್ಡ ದೋಣಿಯ ಜೊತೆ ತೊರೆಗಳೊಳಗೆ ಹೋಗಲು ಎಷ್ಟು ಸಣ್ಣ ಅಲ್ಯೂಮಿನಿಯಂ ದೋಣಿಗಳಿವೆ, ಉಪಗ್ರಹ ಫೋನು ಇದೆಯೇ, ಮುಳುಗಿದರೆ ತಾನಾಗಿ ಸಂಕೇತ ಕಳಿಸುವ ಇಪಿಐಆರ್‌ಬಿ ಯಂತ್ರ ನೋಂದಣಿಯಾಗಿದೆಯೇ, ರಾತ್ರಿ ದಡದಲ್ಲಿ ತಂಗಲು ಅನುಮತಿ ಯಾರಿಂದ ಪಡೆದಿದ್ದಾರೆ ಎಂಬುದನ್ನು ಕೇಳಿ ತಿಳಿಯಬೇಕು.

ಕೊನೆಯ ಪ್ರಶ್ನೆ ಬರೀ ಶಿಷ್ಟಾಚಾರದ್ದಲ್ಲ. ಈ ಕರಾವಳಿಗೆ ಒಡೆಯರಿದ್ದಾರೆ. ಡಂಬಿಮಂಗಾರಿ, ವುನಂಬಲ್ ಗಾಂಬೆರ ಮೊದಲಾದ ಮೂಲನಿವಾಸಿ ಸಮುದಾಯಗಳ ಹಕ್ಕನ್ನು ಅಲ್ಲಿನ ನ್ಯಾಯಾಲಯಗಳೇ ಮಾನ್ಯ ಮಾಡಿವೆ. ದಡಕ್ಕಿಳಿಯಲು ಅವರ ಪಾಸ್ ಬೇಕು. ಯಂತ್ರದ ದೋಣಿಯಿಂದ ಗಾಳ ಹಾಕಲು ಸರ್ಕಾರದ ಪರವಾನಗಿ ಬೇರೆಯೇ ಇದೆ. ಬಂಡೆಯ ಆಸರೆಗಳಲ್ಲಿ ವಾಂಜಿನಾ ಎಂಬ ಮಳೆಯ ದೈವಗಳ ಬಾಯಿಯಿಲ್ಲದ ಮುಖಗಳ ಚಿತ್ರಗಳು ಕಂಡಾಗ ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು.

ಸಾಮಾನು ಕಟ್ಟುವಾಗ ಒಂದು ಮಾತು: ಬಳಸಿದ ಡೇರೆ, ಬೂಟು, ಗಾಳಗಳನ್ನೂ ಉಪ್ಪಿನಕಾಯಿ, ಚಟ್ನಿಪುಡಿಗಳನ್ನೂ ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಕಡ್ಡಾಯವಾಗಿ ಘೋಷಿಸಬೇಕು. ಬೂಟಿನ ಅಡಿಯಲ್ಲಿ ಅಂಟಿದ ಒಣ ಮಣ್ಣೂ ಅವರಿಗೆ ತಕರಾರಿನ ವಿಷಯವೇ.

ನೀರಿನ ಲೆಕ್ಕ

ಉಬ್ಬರವಿಳಿತವನ್ನು ಅಂದಾಜು ಮಾಡಲು ನಾವಿಕರು ಹನ್ನೆರಡರ ಸೂತ್ರವೊಂದನ್ನು ಬಳಸುತ್ತಾರೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು ಪಾಲು ನೀರು ಏರುತ್ತದೆ. 9.6 ಮೀಟರ್ ಏರಿಕೆಯ ದಿನ ಮೊದಲ ಗಂಟೆಯಲ್ಲಿ ಏರುವುದು 80 ಸೆಂಟಿಮೀಟರ್ ಮಾತ್ರ. ಮೂರನೆಯ ಗಂಟೆಯಲ್ಲಿ 2.4 ಮೀಟರ್, ಅಂದರೆ ನಿಮಿಷಕ್ಕೆ ನಾಲ್ಕು ಸೆಂಟಿಮೀಟರ್. ದಡದಲ್ಲಿ ಚಹಾ ಕಾಯಿಸಿ ಕುಡಿದು ಮುಗಿಸುವ ಕಾಲು ಗಂಟೆಯಲ್ಲಿ ನೀರು ಮೊಣಕಾಲಿನಿಂದ ಮೇಲಕ್ಕೆ ಬಂದಿರುತ್ತದೆ.

ಲಂಗರಿನ ಹಗ್ಗವನ್ನೂ ಇದೇ ಲೆಕ್ಕದಲ್ಲಿ ಬಿಡಬೇಕು. ನೀರಿನ ಆಳದ ಐದು ಪಟ್ಟು ಹಗ್ಗ ಬಿಡುವುದು ವಾಡಿಕೆ. ಇಳಿತದ ಹೊತ್ತಿಗೆ ಮೂರು ಮೀಟರ್ ಆಳವಿದೆಯೆಂದು 15 ಮೀಟರ್ ಹಗ್ಗ ಬಿಟ್ಟು ಮಲಗಿದವರ ದೋಣಿಯ ಕೆಳಗೆ ಆರು ಗಂಟೆಯಲ್ಲಿ 12.6 ಮೀಟರ್ ನೀರಿರುತ್ತದೆ. ಹಗ್ಗ ನೆಟ್ಟಗೆ ನಿಂತು ಲಂಗರು ಕಿತ್ತುಬರುತ್ತದೆ. ಅಲ್ಲಿಗೆ ಬೇಕಾದದ್ದು 63 ಮೀಟರ್. ಉಲ್ಟಾ ತಪ್ಪನ್ನು ನಮ್ಮ ತಂಡವೇ ಮಾಡಿತ್ತು. ಉಬ್ಬರದ ತುದಿಯಲ್ಲಿ ಸಣ್ಣ ದೋಣಿಯನ್ನು ಮರಳಿಗೆ ತಾಗಿಸಿ ಕಟ್ಟಿ, ಊಟ ಮುಗಿಸಿ ಬಂದಾಗ ಅದು ಒಂದು ಕಡೆಗೆ ವಾಲಿಕೊಂಡು ಕೆಸರಿನಲ್ಲಿ ಕುಳಿತಿತ್ತು, ನೀರು ನೂರು ಹೆಜ್ಜೆ ಆಚೆಗಿತ್ತು. ಆ ನೂರು ಹೆಜ್ಜೆ ಕೆಸರಿನಲ್ಲಿ ನಡೆಯಲು ನಾವಿಕ ಯಾರನ್ನೂ ಬಿಡಲಿಲ್ಲ. ಮುಂದಿನ ಉಬ್ಬರದವರೆಗೆ ಕಾದೆವು.

ದಿನಾಂಕ ಗೊತ್ತುಮಾಡಲು ಪಂಚಾಂಗವೂ ಸಾಕು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಉಬ್ಬರ; ಅಷ್ಟಮಿಯ ಆಸುಪಾಸು ಕಳೆದ ಮೇಲೆ ಸಣ್ಣದು. ಸಣ್ಣ ಉಬ್ಬರದ ದಿನಗಳಲ್ಲಿ ನೀರು ಕಡಿಮೆ ಕಲಕುವುದರಿಂದ ಮೀನು ಗಾಳವನ್ನು ಕಾಣುತ್ತದೆ. ದೊಡ್ಡ ಉಬ್ಬರದ ದಿನಗಳು ನೋಟಕ್ಕೆ ಹೇಳಿಮಾಡಿಸಿದವು: ಸುಮಾರು 400 ಚದರ ಕಿಲೋಮೀಟರಿನ ಮಾಂಟ್ಗೋಮರಿ ದಿಬ್ಬ ಇಳಿತದಲ್ಲಿ ಕಡಲಿನಿಂದ ಎದ್ದುಬಂದಂತೆ ಕಾಣುತ್ತದೆ, ಅದರ ಅಂಚುಗಳಿಂದ ನೀರು ನೂರಾರು ಝರಿಗಳಾಗಿ ಸುರಿಯುತ್ತದೆ. ಟಾಲ್ಬಟ್ ಕೊಲ್ಲಿಯಲ್ಲಿ ಬೆಟ್ಟದ ಎರಡು ಕಿರಿದಾದ ಸೀಳುಗಳಲ್ಲಿ ನೀರು ನುಗ್ಗಿ, ಅತ್ತಿತ್ತಲಿನ ಮಟ್ಟದಲ್ಲಿ ನಾಲ್ಕು ಮೀಟರ್‌ವರೆಗೆ ಅಂತರ ಬೀಳುತ್ತದೆ. ಇದನ್ನೇ ಅಡ್ಡ ಜಲಪಾತ ಎನ್ನುತ್ತಾರೆ. ಆ ಸೀಳಿನೊಳಗೆ ದೋಣಿ ನುಗ್ಗಿಸುವ ಪ್ರವಾಸಗಳನ್ನು 2028ರಲ್ಲಿ ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದೆ. ಹೊರಗೆ ನಿಂತು ನೋಡಿದರೆ ಏನೂ ನಷ್ಟವಿಲ್ಲ. ಆದ್ದರಿಂದ ಅಷ್ಟಮಿಯ ಮಾರನೆಯ ದಿನ ಹೊರಟು ಮೊದಲ ಮೂರು ದಿನ ಮೀನಿಗೂ ಉಳಿದ ದಿನಗಳನ್ನು ನೋಟಕ್ಕೂ ಇಟ್ಟುಕೊಳ್ಳುವುದು ಸರಿಯಾದ ಯೋಜನೆ.

ಡೇರೆ ಎಲ್ಲಿ

ನೀರಿನಂಚಿನಿಂದ 50 ಮೀಟರಿಗಿಂತ ದೂರ ಮತ್ತು ಉಬ್ಬರದ ಗೆರೆಗಿಂತ ಸಾಕಷ್ಟು ಎತ್ತರ. ಒಣಗಿದ ಕಡಲಪಾಚಿ, ಕಡ್ಡಿಕಸ ಸಾಲಾಗಿ ಬಿದ್ದಿರುವುದೇ ಆ ಗೆರೆಯ ಗುರುತು. ಆದರೆ ಅದು ನಿನ್ನೆಯ ಗೆರೆ, ಹುಣ್ಣಿಮೆಯತ್ತ ಹೋಗುತ್ತಿರುವ ದಿನಗಳಲ್ಲಿ ಇಂದಿನದು ಮೇಲಿರುತ್ತದೆ. 50 ಮೀಟರಿನ ನಿಯಮ ಉಪ್ಪುನೀರಿನ ಮೊಸಳೆಗಾಗಿ. ಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಈ ಪ್ರಾಣಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1970ರಿಂದ ರಕ್ಷಣೆಯಿದೆ. ಈಗ ಪ್ರತಿಯೊಂದು ತೊರೆಯಲ್ಲೂ ಇದೆಯೆಂದೇ ತಿಳಿದು ನಡೆಯಬೇಕು. ಅದು ಅಭ್ಯಾಸವನ್ನು ಗಮನಿಸುವ ಪ್ರಾಣಿ. ಬೆಳಿಗ್ಗೆ ಪಾತ್ರೆ ತೊಳೆಯಲು ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಎರಡು ದಿನ ಹೋದವರು ಮೂರನೆಯ ದಿನ ಹೋಗಬಾರದು. ಮೀನು ಸೀಳುವುದು, ಕರುಳು ಎಸೆಯುವುದು ಡೇರೆಯ ಹತ್ತಿರವೂ ಬೇಡ, ದೋಣಿ ಹತ್ತುವ ಕಡೆಯೂ ಬೇಡ. ಈಜು ಇಲ್ಲವೇ ಇಲ್ಲ. ಮೊಸಳೆ ಕಾಣದಿದ್ದರೂ ಪೆಟ್ಟಿಗೆಯಾಕಾರದ ಅಂಬಲಿ ಮೀನುಗಳಿವೆ. ಅವು ಕುಟುಕಿದರೆ ಸುರಿಯಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಎರಡು ಬಾಟಲಿ ವಿನೆಗರ್ ಇರಲಿ.

ಒಬ್ಬರಿಗೆ ದಿನಕ್ಕೆ ಐದು ಲೀಟರ್ ಕುಡಿಯುವ ನೀರು, ಗ್ಯಾಸ್ ಒಲೆ, ಸಣ್ಣ ನೊಣಗಳು ನುಸುಳದಷ್ಟು ಒತ್ತಾದ ಬಲೆಯ ಡೇರೆ, ಉದ್ದ ತೋಳಿನ ಅಂಗಿ. ಕಸವೆಲ್ಲ ಹಿಂದಕ್ಕೆ.

ಗಾಳ ಹಾಕುವುದು

ಎಲ್ಲರೂ ಹುಡುಕುವ ಬಾರಮುಂಡಿ ನಮಗೆ ಪರಕೀಯ ಮೀನಲ್ಲ. ಉಡುಪಿ, ಉತ್ತರ ಕನ್ನಡದ ಅಳಿವೆಗಳಲ್ಲಿ ಪಂಜರಗಳಲ್ಲಿ ಸಾಕುವ ಕುರುಡಿ, ಹೋಟೆಲುಗಳ ಸೀಬಾಸ್, ಇದೇ. ಅಲ್ಲಿ ಮ್ಯಾಂಗ್ರೋವ್ ಜ್ಯಾಕ್ ಎನ್ನುವುದು ನಮ್ಮ ಕೆಂಬೇರಿ. ಉಬ್ಬರದಲ್ಲಿ ಸಣ್ಣ ಮೀನುಗಳು ಕಾಂಡ್ಲಾ ಕಾಡಿನೊಳಗೆ ನುಗ್ಗಿರುತ್ತವೆ. ನೀರು ಇಳಿಯತೊಡಗಿದಾಗ ಕೆಸರಿನ ಸಣ್ಣ ಕಾಲುವೆಗಳ ಮೂಲಕ ಹೊರಬರಲೇಬೇಕು. ಆ ಕಾಲುವೆಯ ಬಾಯಲ್ಲಿ, ಕಲಕಿದ ನೀರು ತಿಳಿನೀರನ್ನು ಸೇರುವ ಗೆರೆಯಲ್ಲಿ, ಬಾರಮುಂಡಿ ಕಾದಿರುತ್ತದೆ. ಇಳಿತ ಶುರುವಾಗಿ ಎರಡು ಗಂಟೆ ಕಳೆದ ಮೇಲಿನ ಹೊತ್ತು ಒಳ್ಳೆಯದು. ಹತ್ತು–ಹನ್ನೆರಡು ಸೆಂಟಿಮೀಟರಿನ ಕೃತಕ ಮೀನನ್ನು ಬಿದ್ದ ಮರದ ಕೊಂಬೆಗೆ ಒಂದು ಗೇಣು ಹತ್ತಿರಕ್ಕೆ ಎಸೆದು, ಎರಡು ಸಲ ಜಗ್ಗಿ, ಸುಮ್ಮನೆ ನಿಲ್ಲಿಸಬೇಕು. ಅವಸರದವರಿಗೆ ಈ ನಿಲ್ಲಿಸುವುದೇ ಕಷ್ಟ. ಮೀನು ಬಾಯನ್ನು ಒಮ್ಮೆಲೇ ತೆರೆದು ನೀರಿನ ಸಮೇತ ಎಳೆದುಕೊಂಡಾಗ ‘ಬೂಪ್’ ಎಂಬ ಟೊಳ್ಳು ಸದ್ದು ಕೇಳುತ್ತದೆ, ಮರುಕ್ಷಣ ಅದು ತಲೆ ಕೊಡವುತ್ತ ಗಾಳಿಗೆ ಹಾರುತ್ತದೆ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುವುದರಿಂದ ಗಾಳದ ತುದಿಗೆ 20ರಿಂದ 30 ಕಿಲೋ ತಾಳುವ ದಪ್ಪ ದಾರ ಕಟ್ಟಿರಬೇಕು, ಬೆರಳು ಅತ್ತ ಹೋಗಬಾರದು.

55 ಸೆಂಟಿಮೀಟರಿಗಿಂತ ಚಿಕ್ಕ, 80 ಸೆಂಟಿಮೀಟರಿಗಿಂತ ದೊಡ್ಡ ಬಾರಮುಂಡಿಯನ್ನು ಇಟ್ಟುಕೊಳ್ಳುವಂತಿಲ್ಲ. ಚಿಕ್ಕದನ್ನು ಬಿಡುವ ಕಾರಣ ಎಲ್ಲರಿಗೂ ಗೊತ್ತು. ದೊಡ್ಡದನ್ನು ಬಿಡುವುದು ಯಾಕೆಂದರೆ ಈ ಮೀನು ಗಂಡಾಗಿ ಪ್ರಾಯಕ್ಕೆ ಬಂದು, ಐದಾರು ವರ್ಷ ವಯಸ್ಸಿನ ಹೊತ್ತಿಗೆ ಹೆಣ್ಣಾಗುತ್ತದೆ. ಉದ್ದದ ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಡುವ ತಾಯಂದಿರು. ಬಿಡುವಾಗ ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೂ ಆಧಾರ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಫೋಟೊಕ್ಕಾಗಿ ದವಡೆಯಿಂದ ನೇತುಹಾಕಿದರೆ ಅದರ ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಸಾಗರ ಉದ್ಯಾನದ ಕೆಲವು ವಲಯಗಳಲ್ಲಿ ಮೀನು ಹಿಡಿಯುವುದೇ ನಿಷಿದ್ಧ. ಅಳತೆ, ಸಂಖ್ಯೆಗಳ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ವಾರ ಮೀನುಗಾರಿಕೆ ಇಲಾಖೆಯ ಪ್ರಕಟಣೆಯನ್ನು ಮತ್ತೊಮ್ಮೆ ನೋಡಬೇಕು.

ಯಾನಕ್ಕೆ ಇನ್ನೂ ಕೆಲವು ದಿನ ಸೇರಿಸಲಾದರೆ ಉತ್ತರದ ಕರೀನಿಂಗ್ ಕೊಲ್ಲಿಗೆ ಹೋಗಬಹುದು. 1820ರಲ್ಲಿ ಈ ಕರಾವಳಿಯ ನಕ್ಷೆ ತಯಾರಿಸುತ್ತಿದ್ದ ಬ್ರಿಟಿಷ್ ನೌಕಾಧಿಕಾರಿ ಫಿಲಿಪ್ ಪಾರ್ಕರ್ ಕಿಂಗ್‌ನ ತಂಡ ಸೋರುತ್ತಿದ್ದ ‘ಮರ್ಮೇಡ್’ ಹಡಗನ್ನು ಅಲ್ಲಿ ದಡಕ್ಕೆಳೆದು ರಿಪೇರಿ ಮಾಡಿ, ಬೋಅಬ್ ಮರದಲ್ಲಿ ಹಡಗಿನ ಹೆಸರು ಕೊರೆದಿತ್ತು. ಅಕ್ಷರಗಳು ಈಗಲೂ ಕಾಣುತ್ತವೆ. ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಆ ಊದಿದ ಕಾಂಡದ ನೆಂಟಸ್ತಿಕೆ ಹೇಳಿಕೊಡಬೇಕಾಗಿಲ್ಲ.

ಹಿಂತಿರುಗುವ ವಿಮಾನದ ಟಿಕೆಟ್ಟನ್ನು ಮಾತ್ರ ಕೊನೆಗೆ ಕಾದಿರಿಸಿ. ಇಳಿತದಲ್ಲಿ ಡರ್ಬಿಯ ಜೆಟ್ಟಿ ಬರೀ ಕೆಸರಿನ ಮೇಲೆ ನಿಂತಿರುತ್ತದೆ. ಏಳನೆಯ ದಿನ ಉಬ್ಬರ ಎಷ್ಟು ಗಂಟೆಗೆ ಎಂಬುದನ್ನು ಪಟ್ಟಿಯಲ್ಲಿ ನೋಡಿ, ಅದರ ಮಾರನೆಯ ದಿನದ ವಿಮಾನಕ್ಕೆ ಹಣ ಕಟ್ಟಬೇಕು.