ವಿದ್ಯಾರ್ಥಿವೇತನ ಎಷ್ಟು ಎಂದಲ್ಲ, ಎಷ್ಟು ವರ್ಷ ಎಂದು ಕೇಳಿ

ಎರಡು ವಿಶ್ವವಿದ್ಯಾಲಯಗಳಿಂದ ಪ್ರವೇಶ ಪತ್ರ ಬಂದಿದೆ. ಒಂದು ಶೇ 50ರಷ್ಟು ವಿದ್ಯಾರ್ಥಿವೇತನ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದೆ, ಇನ್ನೊಂದು ಸಣ್ಣ ಮೊತ್ತವೊಂದನ್ನು ನಮೂದಿಸಿ ಸುಮ್ಮನಾಗಿದೆ. ಮನೆಮಂದಿಯೆಲ್ಲ ದಪ್ಪಕ್ಷರದ ಕಡೆ ವಾಲುತ್ತಾರೆ. ನಾನು ಕಂಡ ಹೆಚ್ಚಿನ ಎಡವಟ್ಟುಗಳ ಮೂಲ ಇಲ್ಲೇ ಇದೆ. ಎಷ್ಟು ಕೊಡುತ್ತಾರೆ ಎಂದು ಎಲ್ಲರೂ ನೋಡುತ್ತಾರೆ. ಅದು ಕಳೆದ ಮೇಲೆ ನಾವು ಕಟ್ಟಬೇಕಾದದ್ದು ಎಷ್ಟು, ಕೊಡುವುದನ್ನು ಅವರು ಯಾವಾಗ ನಿಲ್ಲಿಸಬಹುದು ಎಂದು ನೋಡುವವರು ವಿರಳ.

ಹಂತ 1: ಉಳಿಯುವ ಮೊತ್ತ ತೆಗೆಯಿರಿ

ಬೋಧನಾ ಶುಲ್ಕದ ಜೊತೆಗೆ ಪರೀಕ್ಷೆ, ಪ್ರಯೋಗಾಲಯ, ವಸತಿ, ಊಟ, ಪುಸ್ತಕ, ವಿಮೆ, ಪ್ರಯಾಣ ಎಲ್ಲವನ್ನೂ ಕೂಡಿಸಿ. ಅದರಿಂದ ಮರಳಿ ಕೊಡಬೇಕಿಲ್ಲದ ಹಣವನ್ನಷ್ಟೇ ಕಳೆಯಿರಿ. ಮೊದಲನೆಯ ಕಡೆ ವರ್ಷಕ್ಕೆ ಬೋಧನಾ ಶುಲ್ಕ 100, ಇತರ ಖರ್ಚು 60 ಎಂದಿಟ್ಟುಕೊಳ್ಳಿ. ಶೇ 50 ಎಂಬುದು ಸಾಮಾನ್ಯವಾಗಿ ಬೋಧನಾ ಶುಲ್ಕಕ್ಕೆ ಮಾತ್ರ. ಹಾಗಾಗಿ ನೀವು ಕಟ್ಟುವುದು 110. ಎರಡನೆಯ ಕಡೆ ಬೋಧನಾ ಶುಲ್ಕ 70, ಇತರ ಖರ್ಚು 40, ವಿದ್ಯಾರ್ಥಿವೇತನ ಬರೀ 20. ಕಟ್ಟುವುದು 90. ಚಿಕ್ಕ ವಿದ್ಯಾರ್ಥಿವೇತನವೇ ಇಲ್ಲಿ ಅಗ್ಗ.

‘ಒಟ್ಟು ನೆರವು’ ಎಂಬ ಸಾಲನ್ನು ಎಂದೂ ನಂಬಬೇಡಿ. ಅದರೊಳಗೆ ಸಾಲವನ್ನೂ ಸೇರಿಸಿಬಿಡುತ್ತಾರೆ. ಅಮೆರಿಕದಲ್ಲಿ ನ್ಯೂ ಅಮೆರಿಕ ಮತ್ತು ಯುಆಸ್ಪೈರ್ ಸಂಸ್ಥೆಗಳು 2018ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿದಾಗ, ಒಂದೇ ಬಗೆಯ ಸರ್ಕಾರಿ ಸಾಲಕ್ಕೆ ಕಾಲೇಜುಗಳು 136 ಬೇರೆ ಬೇರೆ ಹೆಸರು ಕೊಟ್ಟಿದ್ದವು. ಅವುಗಳಲ್ಲಿ 24 ಹೆಸರುಗಳಲ್ಲಿ ಸಾಲ ಎಂಬ ಪದವೇ ಇರಲಿಲ್ಲ! ಕ್ಯಾಂಪಸ್‌ನಲ್ಲಿ ಅರೆಕಾಲಿಕ ಕೆಲಸ ಕೊಡುತ್ತೇವೆ ಎಂಬ ಭರವಸೆಯನ್ನೂ ಶುಲ್ಕದಿಂದ ಕಳೆಯಬೇಡಿ. ಆ ಹಣ ದುಡಿದ ಮೇಲೆ ಬರುತ್ತದೆ, ಶುಲ್ಕವನ್ನು ಅದಕ್ಕೂ ಮೊದಲೇ ಕಟ್ಟಬೇಕು.

ಹಂತ 2: ನವೀಕರಣದ ಷರತ್ತನ್ನು ಬಿಡಿಸಿ ಓದಿ

ಕೈಸುಡುವ ಹಂತ ಇದೇ. ವಿದ್ಯಾರ್ಥಿವೇತನ ಒಂದು ವರ್ಷಕ್ಕೋ, ಕೋರ್ಸ್ ಮುಗಿಯುವವರೆಗೋ? ‘ನವೀಕರಿಸಬಹುದು’ ಎಂದಿದ್ದರೆ ನವೀಕರಿಸುತ್ತಾರೆ ಎಂದು ಅರ್ಥವಲ್ಲ. ಪತ್ರದಲ್ಲಿ ಅವಧಿಯೇ ಇಲ್ಲದಿದ್ದರೆ ಒಂದೇ ವರ್ಷ ಎಂದು ಹಿಡಿದು ಲೆಕ್ಕ ಮಾಡಿ.

ಮುಂದೆ ಅಂಕದ ಷರತ್ತು. ಪ್ರತಿ ಸೆಮಿಸ್ಟರ್‌ನಲ್ಲೂ 10ಕ್ಕೆ 8 ಬರಬೇಕೋ, ಒಟ್ಟು ಸರಾಸರಿ 8 ಇದ್ದರೆ ಸಾಕೋ? ಸರಾಸರಿ ನೋಡುವ ಕಡೆ ಒಂದು ಕೆಟ್ಟ ಸೆಮಿಸ್ಟರ್ ಮುಂದೆ ಕರಗಿಹೋಗುತ್ತದೆ. ಆದರೆ ಆ ಕೆಟ್ಟ ಸೆಮಿಸ್ಟರ್ ಮೊದಲನೆಯದೇ ಆದರೆ ಕಷ್ಟ. ಮೊದಲ ಸೆಮಿಸ್ಟರ್‌ನಲ್ಲಿ 7 ಬಂದವರು ವರ್ಷದ ಕೊನೆಗೆ 8 ಮುಟ್ಟಲು ಎರಡನೆಯದರಲ್ಲಿ 9 ತೆಗೆಯಬೇಕು. ಹೊಸ ಜಾಗ, ಹೊಸ ಬೋಧನಾ ಕ್ರಮ. ಅಂಕ ಕುಸಿಯುವುದು ಹೆಚ್ಚಾಗಿ ಆಗಲೇ. ಒಂದು ವಿಷಯ ಬಾಕಿ ಉಳಿದರೆ, ಅನಾರೋಗ್ಯದಿಂದ ರಜೆ ಹಾಕಿದರೆ, ವಿಭಾಗ ಬದಲಿಸಿದರೆ ಏನಾಗುತ್ತದೆ ಎಂದೂ ಕೇಳಿ. ತಪ್ಪಿದರೆ ಒಂದು ಅವಧಿಯ ಎಚ್ಚರಿಕೆ ಕೊಡುತ್ತಾರೋ, ನೇರವಾಗಿ ರದ್ದು ಮಾಡುತ್ತಾರೋ? ಕಳೆದುಕೊಂಡದ್ದನ್ನು ಮತ್ತೆ ಗಳಿಸಬಹುದೋ?

ತರಗತಿಯ ಮೊದಲ ಶೇ 10ರೊಳಗೆ ಇರಬೇಕು ಎಂಬ ಬಗೆಯ ಷರತ್ತು ಕಂಡರೆ ನನ್ನ ಸಲಹೆ ಸ್ಪಷ್ಟ: ಆ ಹಣ ಇಲ್ಲವೆಂದೇ ತಿಳಿಯಿರಿ. ತರಗತಿಯ ಶೇ 30 ಮಂದಿಗೆ ಅದನ್ನು ಹಂಚಿದ್ದರೆ, ಎಲ್ಲರೂ ಹಗಲಿರುಳು ಓದಿದರೂ ಮೂವರಲ್ಲಿ ಇಬ್ಬರು ಕಳೆದುಕೊಳ್ಳಲೇಬೇಕು. ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾನ್ಯತೆ ಪಡೆದ ಕಾನೂನು ಕಾಲೇಜುಗಳು ಷರತ್ತಿನ ವಿದ್ಯಾರ್ಥಿವೇತನ ಎಷ್ಟು ಮಂದಿಗೆ ಸಿಕ್ಕಿತು, ಎಷ್ಟು ಮಂದಿಗೆ ಕಡಿತವಾಯಿತು ಅಥವಾ ಕೈತಪ್ಪಿತು ಎಂಬುದನ್ನು ಪ್ರಕಟಿಸಲೇಬೇಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಂಥ ನಿಯಮ ಇಲ್ಲದಿದ್ದರೂ ಪ್ರಶ್ನೆ ಕೇಳಲು ಅಡ್ಡಿಯಿಲ್ಲ: ‘ಕಳೆದ ವರ್ಷ ಪಡೆದವರಲ್ಲಿ ಎಷ್ಟು ಮಂದಿ ಈ ವರ್ಷವೂ ಪಡೆಯುತ್ತಿದ್ದಾರೆ?’ ಇಮೇಲ್‌ನಲ್ಲೇ ಕೇಳಿ. ಪ್ರವೇಶ ವಿಭಾಗದವರು ಫೋನಿನಲ್ಲಿ ಕೊಟ್ಟ ಭರವಸೆಯನ್ನು ಎರಡು ವರ್ಷದ ನಂತರ ಶುಲ್ಕ ವಿಭಾಗದ ಮುಂದೆ ಸಾಬೀತುಪಡಿಸಲು ಆಗುವುದಿಲ್ಲ.

ಮೇಲಿನ ಉದಾಹರಣೆಗೇ ಮರಳೋಣ. ನಾಲ್ಕು ವರ್ಷವೂ ವಿದ್ಯಾರ್ಥಿವೇತನ ಉಳಿದರೆ ಮೊದಲನೆಯ ಕಡೆ ಒಟ್ಟು 440, ಎರಡನೆಯ ಕಡೆ 360. ಮೊದಲ ವರ್ಷಕ್ಕೇ ನಿಂತುಹೋದರೆ 590 ಮತ್ತು 420. ಒಂದು ಕಡೆ ಹೆಚ್ಚುವರಿ ಹೊರೆ 150, ಇನ್ನೊಂದು ಕಡೆ 60. ವಿದ್ಯಾರ್ಥಿವೇತನ ಇಲ್ಲದೆಯೂ ಹೇಗೋ ಕಟ್ಟಿ ಮುಗಿಸಬಲ್ಲೆವು ಎನ್ನುವ ಕಡೆಗೇ ಸೇರಿ. ಎರಡೂ ಕಡೆ ಅದು ಸಾಧ್ಯವಿಲ್ಲದಿದ್ದರೆ ಮೊತ್ತ ನೋಡಬೇಡಿ, ಸಡಿಲವಾದ ಷರತ್ತನ್ನು ಆರಿಸಿ.

ಹಂತ 3: ಶುಲ್ಕ ಏರಿಕೆ ಸೇರಿಸಿ

ಶೇಕಡಾವಾರು ವಿದ್ಯಾರ್ಥಿವೇತನ ಶುಲ್ಕದ ಜೊತೆ ಬೆಳೆಯುತ್ತದೆ, ನಿಗದಿತ ಮೊತ್ತ ಬೆಳೆಯುವುದಿಲ್ಲ. ಬೋಧನಾ ಶುಲ್ಕ ವರ್ಷಕ್ಕೆ ಶೇ 8 ಏರಿದರೆ 70 ಇದ್ದದ್ದು ನಾಲ್ಕನೇ ವರ್ಷಕ್ಕೆ 88 ಆಗುತ್ತದೆ. ನಿಮ್ಮ 20 ಮಾತ್ರ 20 ಆಗಿಯೇ ಇರುತ್ತದೆ. ಅಂದರೆ ನೀವು ಕಟ್ಟುವ ಪಾಲು 50ರಿಂದ 68ಕ್ಕೆ ಹೋಗುತ್ತದೆ. ಎರಡನೆಯದೇ ಅಗ್ಗ ಎಂದು ಹಿಗ್ಗಿದವರು ಈ ಲೆಕ್ಕವನ್ನೂ ಮಾಡಬೇಕು. ಹಿಂದಿನ ವರ್ಷಗಳ ಶುಲ್ಕಪಟ್ಟಿ ಸಿಕ್ಕರೆ ಏರಿಕೆಯ ಜಾಡು ತಿಳಿಯುತ್ತದೆ.

ಇದಕ್ಕೆಲ್ಲ ಒಂದು ಹಾಳೆ, ಪೆನ್ನು ಸಾಕು. ಆನ್‌ಲೈನ್‌ನಲ್ಲಿ ಸಿಗುವ ಹೋಲಿಕೆ ಪಟ್ಟಿಗಳಲ್ಲಿ ಷರತ್ತುಗಳಿಗೆ ಕಾಲಂ ಇರುವುದೇ ಅಪರೂಪ. ‘ಉಚಿತ ಸಲಹೆ’ ಕೊಡುವ ಏಜೆಂಟರನ್ನು ಕೇಳುವುದಾದರೆ, ಯಾವ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ ಎಂದು ಮೊದಲು ಕೇಳಿ. ವಿದ್ಯಾರ್ಥಿವೇತನ ಕೊಡಿಸಲು ಮುಂಗಡ ಹಣ ಕೇಳುವವರ ಜೊತೆ ಮಾತೇ ಬೇಡ.

ಹಂತ 4: ಇನ್ನಷ್ಟು ಕೇಳಿ ನೋಡಿ

ಸೀಟಿನ ಮುಂಗಡ ಕಟ್ಟುವ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ನಿಮ್ಮ ಮಾತಿಗೆ ತೂಕವಿಲ್ಲ. ಸೇರಲು ಮನಸ್ಸಿರುವ ಕಡೆಗೆ ಹೀಗೆ ಬರೆಯಿರಿ: ‘ನಿಮ್ಮಲ್ಲೇ ಓದಬೇಕೆಂಬ ಆಸೆ ಇದೆ. ಇದೇ ಕೋರ್ಸ್‌ಗೆ ಇನ್ನೊಂದು ವಿಶ್ವವಿದ್ಯಾಲಯ ನೀಡಿರುವ ನೆರವಿನ ಪತ್ರವನ್ನು ಲಗತ್ತಿಸಿದ್ದೇನೆ. ನನ್ನ ವಿದ್ಯಾರ್ಥಿವೇತನವನ್ನು ಮರುಪರಿಶೀಲಿಸಲು ಸಾಧ್ಯವೇ?’ ಬೆದರಿಕೆಯ ದನಿ ಬೇಡ, ಇಲ್ಲದ ಪತ್ರ ಇದೆ ಎನ್ನುವ ಸುಳ್ಳು ಖಂಡಿತ ಬೇಡ. ಮೊತ್ತ ಹೆಚ್ಚಿಸಲು ಒಪ್ಪದವರು ಕೆಲವೊಮ್ಮೆ ವಸತಿ ಶುಲ್ಕ ಇಳಿಸಲು ಒಪ್ಪುತ್ತಾರೆ. ಹೊರಗಿನ ಟ್ರಸ್ಟ್‌ನಿಂದ ಬೇರೆ ನೆರವು ಬಂದರೆ ತಮ್ಮ ಪಾಲನ್ನು ಅಷ್ಟಕ್ಕೆ ಕಡಿತ ಮಾಡುತ್ತಾರೆಯೇ ಎಂಬುದನ್ನೂ ಇದೇ ಪತ್ರದಲ್ಲಿ ಕೇಳಿಬಿಡಿ. ಹಾಗೆ ಮಾಡುವ ವಿಶ್ವವಿದ್ಯಾಲಯಗಳು ಇವೆ.

ಹಂತ 5: ಕೋರ್ಸ್ ನೋಡಿ

ಬೇಕಾದ ವಿಷಯವೇ ಇಲ್ಲದ ಕಡೆ ಪೂರ್ತಿ ಉಚಿತವಾದರೂ ಹೋಗಬೇಡಿ. ವಿಷಯ ಎರಡೂ ಕಡೆ ಇದ್ದು, ಕಲಿಸುವವರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿದ್ದರೆ ಕಡಿಮೆ ಸಾಲವಾಗುವ ಕಡೆಗೆ ಹೋಗಿ. ರ‍್ಯಾಂಕಿಂಗ್ ಪಟ್ಟಿಯಲ್ಲಿ ನಾಲ್ಕೈದು ಸ್ಥಾನ ಮೇಲಿದೆ ಎಂಬ ಕಾರಣಕ್ಕೆ ಸಾಲದ ಮೊತ್ತ ಏರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಹಂತ 6: ಉತ್ತರಿಸಿ

ಗಡುವಿನೊಳಗೆ ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ನಿರಾಕರಣೆ ಕಳುಹಿಸಿ. ನೀವು ಬಿಟ್ಟ ಹಣ ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಹೋಗಬಹುದು. ವಿದ್ಯಾರ್ಥಿವೇತನದ ನಿಯಮಗಳಿರುವ ಪುಟವನ್ನು ಅದೇ ದಿನ ಪಿಡಿಎಫ್ ಮಾಡಿ, ಬಂದ ಇಮೇಲ್‌ಗಳ ಜೊತೆ ಎತ್ತಿಡಿ. ಮುಂದಿನ ವರ್ಷ ಆ ಪುಟದಲ್ಲಿ ಹೊಸ ನಿಯಮ ಬಂದಿದ್ದರೆ, ನೀವು ಸೇರುವಾಗ ಏನಿತ್ತು ಎಂದು ತೋರಿಸಲು ಅದು ಬೇಕಾಗುತ್ತದೆ.