ಪಾಯ ತೆಗೆಯುವ ಮೊದಲು ಲೆವೆಲ್ ಪೈಪ್ ಹಿಡಿಯಿರಿ
ಹೊಸ ಬಡಾವಣೆಯಲ್ಲಿ ಮನೆ ಕಟ್ಟುವವರು ನಕ್ಷೆ ಮಂಜೂರಾತಿಗೆ ಕೊಡುವ ಮೊದಲೇ ಗಾರೆಯವರ ಲೆವೆಲ್ ಪೈಪಿನಿಂದ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್) ಎರಡು ಮಟ್ಟ ನೋಡಿ: ಸೈಟಿನ ಹಿಂದಿನ ಮೂಲೆ, ಮುಂದಿನ ಚರಂಡಿಯ ತಳ. ಮಳೆನೀರು ತಾನಾಗಿ ಹರಿಯಲು 100 ಅಡಿಗೆ 1 ಅಡಿ ಇಳಿಜಾರು ಇಟ್ಟುಕೊಳ್ಳಿ. 40 ಅಡಿ ಉದ್ದದ ಸೈಟಿಗೆ ಸುಮಾರು 5 ಇಂಚು. ಅಷ್ಟಿಲ್ಲದಿದ್ದರೆ ಹಿಂಬದಿಗೆ ಮಣ್ಣು ತುಂಬಿಸುವ ಲೆಕ್ಕ ಈಗಲೇ ಹಾಕಿ, ಗೋಡೆ ಎದ್ದ ಮೇಲೆ ಕಷ್ಟ. ಪ್ಲಿಂತ್, ಅಂದರೆ ಮನೆಯ ನೆಲಮಟ್ಟದವರೆಗಿನ ಕಟ್ಟಡದ ಎತ್ತರವನ್ನಂತೂ ಸೈಟಿನ ಮಣ್ಣಿನಿಂದಲ್ಲ, ರಸ್ತೆಯ ನಡುಭಾಗದಿಂದಲೇ ಅಳೆಯಿರಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಹೋಗುತ್ತದೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆ, ಎರಡೂ ತುದಿ ಜೋಡಿಸಿ ಹಿಡಿದು ನೀರು ಸಮ ನಿಂತಿದೆಯೇ ನೋಡಿಯೇ ಶುರು ಮಾಡಿ. ಚರಂಡಿಯೇ ಮುಂದೆ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಸೇರದೆ ಎಲ್ಲೋ ಕೊನೆಯಾಗಿದ್ದರೆ ಈ ಲೆಕ್ಕ ಕೆಲಸಕ್ಕೆ ಬಾರದು. ಆಗ ಬಡಾವಣೆ ನಕ್ಷೆ ಲಗತ್ತಿಸಿ ನಗರಸಭೆಗೋ ಪಂಚಾಯಿತಿಗೋ ಲಿಖಿತ ಅರ್ಜಿ ಕೊಡಿ.